ಬಾಡಿಗೆ ರೋಗಿ

ಬೆಳಗಿನ ಮೂರನೆಯ ಹೊಟ್ಟೆನೋವು ಮುಗಿದಿತ್ತು. ನಾಲ್ಕನೆಯದಕ್ಕೆ ಇನ್ನೂ ಸ್ವಲ್ಪ ಬಿಡುವಿತ್ತು. ಹುಡುಗಿ ಮಂಚದ ಮೇಲೆ ಎದ್ದು ಕುಳಿತು, ಬೆನ್ನ ಹಿಂದೆ ಲಾಡಿ ಕಟ್ಟುವ ನೀಲಿ ನಿಲುವಂಗಿಯನ್ನು ಸರಿಪಡಿಸಿಕೊಂಡು, ದಿಂಬಿನ ಅಡಿಯಲ್ಲಿ ಅಡಗಿಸಿಟ್ಟಿದ್ದ ಬಿಸ್ಕತ್ತನ್ನು ಅವಸರದಲ್ಲಿ ಬಾಯಿಗೆ ಹಾಕಿಕೊಂಡಳು. ನಿನ್ನೆಯಿಂದ ಒಂದು ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲದ ರೋಗಿಯ ತುಟಿಗೆ ಬಿಸ್ಕತ್ತಿನ ಪುಡಿ ಅಂಟಿರುವುದನ್ನು ಕಂಡರೆ ಭಾವೀ ವೈದ್ಯರು ಗಲಿಬಿಲಿಗೊಳ್ಳುತ್ತಿದ್ದರು. ಹಿಂದಿನ ವಾರ ಒಬ್ಬಾತ ಹಾಗೆ ಗಲಿಬಿಲಿಗೊಂಡು, ಆ ಪುಡಿಯನ್ನೇ ಚರ್ಮರೋಗವೆಂದು ಬರೆದುಕೊಂಡು ಹೋಗಿದ್ದ.

ಅವಳಿಗೆ ಯಾವ ರೋಗವೂ ಇರಲಿಲ್ಲ. ರೋಗವಿರುವುದು ಅವಳ ಕೆಲಸವಾಗಿತ್ತು.

ಹೊರದೇಶಕ್ಕೆ ಅವಳು ಬಂದದ್ದು ಸರಕು ಸಾಗಣೆ ಮತ್ತು ಗೋದಾಮು ನಿರ್ವಹಣೆಯನ್ನು ಓದಲು. ಆ ವಿಭಾಗ ಕಾಲೇಜು ಆವರಣದ ಒಂದು ತುದಿಯಲ್ಲಿದ್ದರೆ ವೈದ್ಯಕೀಯ ವಿಭಾಗ ಇನ್ನೊಂದು ತುದಿಯಲ್ಲಿ. ಅದರ ಮೇಲಿನ ಮಹಡಿಯಲ್ಲಿ ಸಾಲಾಗಿ ಪುಟ್ಟ ಕೋಣೆಗಳು. ಪ್ರತಿ ಕೋಣೆಯಲ್ಲಿ ಒಂದು ಮಂಚ, ಒಂದು ಪರದೆ, ಕೈ ತೊಳೆಯಲು ಒಂದು ಬೇಸಿನ್ನು, ಒಳಗಿನವರಿಗೆ ಕನ್ನಡಿಯಂತೆಯೂ ಹೊರಗಿನವರಿಗೆ ಕಿಟಕಿಯಂತೆಯೂ ಕಾಣುವ ಒಂದು ಗಾಜು. ಗಂಟೆ ಬಾರಿಸಿದೊಡನೆ ಒಬ್ಬ ವಿದ್ಯಾರ್ಥಿ ಒಳಗೆ ಬಂದು ಮಂಚದ ಮೇಲಿರುವವರನ್ನು ವಿಚಾರಿಸಿ, ರೋಗ ಯಾವುದೆಂದು ಹೇಳಬೇಕು. ನಿಜವಾದ ರೋಗಿಗಳ ಮೇಲೆ ಈ ಅಭ್ಯಾಸ ನಡೆಸಿದರೆ ಅವರು ಕಿರುಚುತ್ತಾರೆ, ಇಲ್ಲವೇ ಗುಣವಾಗಿಬಿಡುತ್ತಾರೆ. ಎರಡೂ ಪಾಠಕ್ಕೆ ಅನುಕೂಲವಲ್ಲ. ಆದ್ದರಿಂದ ಕಾಲೇಜು ಸಂಬಳ ಕೊಟ್ಟು ಆರೋಗ್ಯವಂತರನ್ನು ಮಲಗಿಸುತ್ತಿತ್ತು. ಕಚೇರಿಯ ಭಾಷೆಯಲ್ಲಿ ಅವರು ‘ತರಬೇತಿ ರೋಗಿಗಳು’. ಹುಡುಗಿಯ ಕೋಣೆಯ ಗೆಳತಿಯ ಬಾಯಲ್ಲಿ ಅವಳು ‘ಪೇಷೆಂಟಮ್ಮ’.

ಗೆಳತಿಯೂ ಹುಡುಗಿಯ ಭಾಷೆಯವಳೇ; ಕಾಲೇಜಿನ ಅಂಚೆ ವಿಭಾಗದಲ್ಲಿ ಹಾಸ್ಟೆಲಿನವರ ಪೊಟ್ಟಣಗಳನ್ನು ವಿಂಗಡಿಸುತ್ತಿದ್ದುದರಿಂದ ಅವಳಿಗೆ ‘ಪಾರ್ಸಲ್’ ಎಂಬ ಹೆಸರು ಬಿದ್ದಿತ್ತು. ಹೊರಗಿನಿಂದ ಬಂದ ವಿದ್ಯಾರ್ಥಿಗಳು ಕಾಲೇಜಿನ ಆವರಣದೊಳಗಲ್ಲದೆ ಬೇರೆಲ್ಲೂ ದುಡಿಯುವಂತಿಲ್ಲ ಎಂಬುದು ಅಲ್ಲಿನ ಕಾನೂನು. ಆವರಣದೊಳಗೆ ಇದ್ದ ಕೆಲಸಗಳೇ ಬೆರಳೆಣಿಕೆಯವು. ಅವುಗಳಲ್ಲಿ ಎರಡನ್ನು ಹುಡುಗಿ ಈಗಾಗಲೇ ಕಳೆದುಕೊಂಡಿದ್ದಳು.

ಮೊದಲನೆಯದು ಕ್ಯಾಂಟೀನು. ತಟ್ಟೆಗೆ ಒಂದೇ ಸೌಟು ಎಂದು ಹೇಳಿ ಅವಳನ್ನು ಬಡಿಸಲು ನಿಲ್ಲಿಸಿದ್ದರು. ‘ಸಾಕು’ ಎಂದವರಿಗೆ ಇನ್ನೊಂದು ಸೌಟು, ‘ಬೇಡ’ ಎಂದವರಿಗೆ ಎರಡು ಸೌಟು ಹಾಕಿ ಬೆಳೆದವಳು ಅವಳು. ಕೈ ಅಡ್ಡ ಹಿಡಿದವರ ಕೈಯ ಸಂದಿನಿಂದಲೂ ಬಡಿಸಿದಳು. ಊಟದ ಹೊತ್ತಿನ ನಡುವೆಯೇ ಪಾತ್ರೆ ಬರಿದಾಗಿ, ಸಾಲಿನ ಹಿಂದಿನ ಅರ್ಧ ಜನ ಖಾಲಿ ತಟ್ಟೆ ಹಿಡಿದು ನಿಂತರು. ಎರಡನೆಯದು ಗ್ರಂಥಾಲಯದ ಮೇಜು. ಅಲ್ಲಿ ಪ್ರಾಧ್ಯಾಪಕರು ಒಳಬಂದಾಗಲೆಲ್ಲ ಅವಳು ಎದ್ದು ನಿಲ್ಲುತ್ತಿದ್ದಳು; ಪ್ರಾಧ್ಯಾಪಕರು ಬಂದು ಹೋಗುವುದೇ ಆ ಜಾಗದ ಉದ್ದೇಶವಾದ್ದರಿಂದ ಅವಳಿಗೆ ಕೂರಲು ಪುರುಸೊತ್ತೇ ಆಗಲಿಲ್ಲ, ಪುಸ್ತಕಗಳು ಮೇಜಿನ ಮೇಲೆ ಗೋಪುರವಾದವು. “ನೀನು ಎಲ್ಲಾದರೂ ಕೂತು ಮಾಡೋ ಕೆಲಸ ನೋಡ್ಕೋ” ಎಂದು ಗ್ರಂಥಪಾಲಕ ಕೈಮುಗಿಯುವಂತೆ ಹೇಳಿ ಕಳಿಸಿಕೊಟ್ಟ. ಸಿಕ್ಕಿದ್ದು ಮಲಗಿ ಮಾಡುವ ಕೆಲಸ.

ಇದೂ ಹೋದರೆ ಪೆಟ್ಟಿಗೆ ಕಟ್ಟುವುದಲ್ಲದೆ ದಾರಿಯಿರಲಿಲ್ಲ. ಹಾಗೆ ಅರ್ಧಕ್ಕೆ ಹಿಂದಿರುಗುವುದು ಅವಳೊಬ್ಬಳ ಸೋಲಾಗುತ್ತಿರಲಿಲ್ಲ. ಅವಳು ಹೊರಟ ದಿನ, ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಾಗ, ಅವರ ಮನೆಯಲ್ಲೇ ಇರುವ ಅಪ್ಪನ ತಂಗಿ ಹಣೆಗೆ ಪಟ್ಟಿ ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತು, “ನೋಡ್ತಿರಿ ಅತ್ತಿಗೆ, ನಿಮ್ಮ ಮಗಳು ಅರ್ಧಕ್ಕೇ ಬಿಟ್ಟು ಬರ್ತಾಳೆ. ನನ್ನ ತಲೆನೋವು ಸುಳ್ಳು ಹೇಳಲ್ಲ” ಎಂದಿದ್ದಳು. ಅಮ್ಮ ಹಗ್ಗದ ಗಂಟನ್ನು ಹಲ್ಲಿನಿಂದ ಬಿಗಿದು, ಬಾಯಿ ಬಿಡಿಸಿಕೊಂಡು, “ಬಂದ್ರೆ ಈ ಮನೆ ಅಡುಗೆಮನೆ ನಿಂದು. ನಾನು ಆಮೇಲೆ ಆ ಹೊಸಿಲು ದಾಟಲ್ಲ. ಸಾಕಾ?” ಎಂದಳು. ಆ ಮನೆಯಲ್ಲಿ ಇಷ್ಟು ದೊಡ್ಡ ಪಣವನ್ನು ಅದಕ್ಕೂ ಮೊದಲು ಯಾರೂ ಒಡ್ಡಿರಲಿಲ್ಲ. ಒಲೆಯ ಉರಿ ಎಷ್ಟಿರಬೇಕೆಂಬುದರಿಂದ ಹಿಡಿದು ಉಪ್ಪಿನ ಡಬ್ಬಿ ಯಾವ ಕಡೆ ಮುಖ ಮಾಡಿರಬೇಕೆಂಬುದರವರೆಗೆ ಅಲ್ಲಿ ಅಮ್ಮನದೇ ಆಳ್ವಿಕೆ. ನಾದಿನಿ ಅಲ್ಲಿಗೆ ಕಾಲಿಡುತ್ತಿದ್ದುದು ಮಾತ್ರೆಗೆ ನೀರು ಬೇಕಾದಾಗ ಮಾತ್ರ.

ಕೆಲಸ ಸಿಕ್ಕಿದ ಸುದ್ದಿಯನ್ನು ಹುಡುಗಿ ಫೋನಿನಲ್ಲಿ ತಿಳಿಸಿದಾಗ ಮನೆಯವರು ಮೊದಲು ಹಿಡಿದುಕೊಂಡದ್ದು ‘ಆಸ್ಪತ್ರೆ’ ಎಂಬ ಮಾತನ್ನು. ಬಸ್ ಡಿಪೋದಲ್ಲಿ ಸಮಯಪಾಲಕನಾಗಿದ್ದ ಅಪ್ಪ ಮರುದಿನವೇ ಅಲ್ಲಿನ ಚಾಲಕರಿಗೆಲ್ಲ ಮಗಳು ದೊಡ್ಡಾಸ್ಪತ್ರೆಯಲ್ಲಿ ಇದ್ದಾಳೆಂದು ಹೇಳಿದ. ಕೇಳಿದವರಲ್ಲಿ ಅರ್ಧ ಜನ ಅಭಿನಂದಿಸಿದರು, ಉಳಿದರ್ಧ ಜನ ಸಾಂತ್ವನ ಹೇಳಿದರು. ಮುಂದಿನ ಸಲ ಅವಳು ವಿವರಿಸಿ ಹೇಳಬೇಕಾಯಿತು.

“ಡಾಕ್ಟ್ರ ಕೆಲಸ ಅಲ್ಲಪ್ಪ. ರೋಗಿ ಕೆಲಸ. ಮಲ್ಕೊಂಡು ‘ನೋವು’ ಅಂತಿರಬೇಕು, ಅಷ್ಟೆ.”

“ಅದಕ್ಕೆ ಸಂಬಳ ಕೊಡ್ತಾರಾ?”

“ಕೊಡ್ತಾರೆ.”

ಅಪ್ಪ ಒಳಗಿನ ಕೋಣೆಯ ಕಡೆ ತಿರುಗಿ ಕೂಗಿದ: “ಕೇಳಿಸ್ಕೊಂಡೇನೇ? ಇಷ್ಟು ವರ್ಷ ಈ ಮನೇಲಿ ಬಿಟ್ಟಿ ದುಡಿದುಬಿಟ್ಟೆಯಲ್ಲ ನೀನು!”

ಒಳಗಿನಿಂದ ಅತ್ತೆ ನರಳಿದ್ದು ಸಮುದ್ರ ದಾಟಿ ಸ್ಪಷ್ಟವಾಗಿ ಕೇಳಿಸಿತು.

ಆದರೆ ಕೆಲಸ ಹೇಳಿದಷ್ಟು ಸುಲಭವಿರಲಿಲ್ಲ. ಮೊದಲ ವಾರಗಳಲ್ಲಿ ಅವಳಷ್ಟು ಕೆಟ್ಟ ರೋಗಿಯನ್ನು ಆ ಮಹಡಿ ಕಂಡಿರಲಿಲ್ಲ. ಕರುಳು ಒಡೆಯುವ ಹಂತದಲ್ಲಿದ್ದಾಗಲೂ ವೈದ್ಯ ವಿದ್ಯಾರ್ಥಿ ಒಳಬಂದರೆ ಎದ್ದು ನಿಂತು ಕುರ್ಚಿ ಸರಿಸಿಕೊಡುತ್ತಿದ್ದಳು. “ಹೇಗಿದ್ದೀರಿ?” ಎಂದು ಕೇಳಿದರೆ “ಚೆನ್ನಾಗಿದ್ದೀನಿ, ನೀವು?” ಎನ್ನುತ್ತಿದ್ದಳು. ನೋವು ಹತ್ತಕ್ಕೆ ಎಷ್ಟು ಎಂದು ಕೇಳುವುದು ಅಲ್ಲಿನ ವಿಧಾನ. ಒಂಬತ್ತು ಎನ್ನಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದರು. ಆದರೆ ಅಪರಿಚಿತರ ಮುಂದೆ ತನ್ನ ನೋವಿಗೆ ತಾನೇ ಅಷ್ಟು ಅಂಕ ಹಾಕಿಕೊಳ್ಳುವುದು ಜಂಬವೆನಿಸಿ, ತಲೆ ತಗ್ಗಿಸಿ “ಮೂರು… ಮೂರೂವರೆ” ಎಂದುಬಿಡುತ್ತಿದ್ದಳು. ಅವಳನ್ನು ನಂಬಿದ ವಿದ್ಯಾರ್ಥಿಗಳು ಅಜೀರ್ಣದ ಗುಳಿಗೆ ಬರೆದುಕೊಟ್ಟು ಸಾಲಾಗಿ ಅನುತ್ತೀರ್ಣರಾದರು.

ತರಬೇತಿಯ ಮೇಲ್ವಿಚಾರಕಿ ಒಂದು ಕಾಲಕ್ಕೆ ಹೆಸರಾಂತ ವೈದ್ಯೆ. ನಿವೃತ್ತಿಯ ಅನಂತರ ಈ ಮಹಡಿಯ ಸರ್ವಾಧಿಕಾರಿ. ಅವಳು ಹುಡುಗಿಯನ್ನು ಕರೆದು ಕೂರಿಸಿಕೊಂಡಳು.

“ನೋಡಮ್ಮ, ಹಿಂದಿನ ವಾರ ನೀನು ಸಾಯಬೇಕಿತ್ತು. ಬದಲಿಗೆ ಆ ಹುಡುಗನ್ನ ಊಟ ಆಯ್ತಾ ಅಂತ ಕೇಳ್ತಾ ಕೂತೆ.”

“ಅವರ ಮುಖ ಬಾಡಿತ್ತು ಮೇಡಂ.”

“ಅವನ ಮುಖ ನೋಡೋದು ನಿನ್ನ ಕೆಲಸ ಅಲ್ಲ, ನಿನ್ನ ಮುಖ ನೋಡೋದು ಅವನ ಕೆಲಸ. ದೊಡ್ಡ ಪರೀಕ್ಷೆವರೆಗೂ ನಿನ್ನನ್ನ ಇಟ್ಕೊಂಡು ನೋಡ್ತೀನಿ. ಅಲ್ಲೂ ಹೀಗೇ ಆದ್ರೆ ಮಂಚ ಖಾಲಿ ಮಾಡ್ಬೇಕು.”

ಆ ಸಂಜೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತ ಅವಳು ಇದನ್ನೆಲ್ಲ ಹೇಳಿಕೊಂಡಾಗ ಪಾರ್ಸಲ್ ಬಾಯಿತುಂಬ ನಕ್ಕಳು.

“ಲೇ ಪೇಷೆಂಟಮ್ಮ, ನಿನಗೆ ನಟನೆ ಬರಲ್ಲ, ಬಿಡು. ಅಣಕಿಸೋಕೆ ಬರುತ್ತಲ್ಲ? ನಮ್ಮ ಅಂಚೆ ಸಾಹೇಬನ್ನ ಮಾಡಿ ತೋರಿಸ್ತೀಯಲ್ಲ, ಹಾಗೆ ಮಾಡು.”

“ಅವನಿಗೆಲ್ಲಿದೆಯೇ ಕಾಯಿಲೆ?”

“ಅವನೇ ಆಗ್ಬೇಕಾ? ನಿಮ್ಮನೇಲಿ ಕಾಯಿಲೆಯವರು ಯಾರೂ ಇಲ್ವಾ?”

ಹುಡುಗಿಯ ಕೈಯಲ್ಲಿದ್ದ ಬಾಣಲೆ ನಿಂತಿತು. ಮುಖ ಅರಳಿತು. “ನಮ್ಮತ್ತೆ ಇದಾರಲ್ಲೇ!”

ಮರುದಿನ ಆ ಮಂಚದ ಮೇಲೆ ಮಲಗಿದ್ದುದು ಅತ್ತೆ. ಒಳಬಂದ ವಿದ್ಯಾರ್ಥಿ ಬಾಯಿ ತೆರೆಯುವ ಮೊದಲೇ ಅವಳು ಕಣ್ಣು ಮುಚ್ಚಿ, ಹಣೆಗೆ ಕೈಯಾನಿಸಿ, ಗೋಡೆಯ ಕಡೆ ಮುಖ ಮಾಡಿ ಆರಂಭಿಸಿದಳು. “ಏನಂತ ಹೇಳ್ಲಿ ಡಾಕ್ಟ್ರೇ, ಈ ತಲೆ ನನ್ನದಲ್ಲ ಅನ್ನಿಸುತ್ತೆ. ಇಲ್ಲಿ ಶುರುವಾಗುತ್ತೆ, ಹೀಗೆ ಸುತ್ತಿ ಬಂದು ಇಲ್ಲಿ ಕೂತ್ಕೊಳ್ಳುತ್ತೆ. ಮನೇಲಿ ಯಾರಿಗೆ ಬೇಕು? ನಾನು ಹೋದ್ಮೇಲೆ ಗೊತ್ತಾಗುತ್ತೆ ಇವರಿಗೆಲ್ಲ.”

“ಹತ್ತಕ್ಕೆ ಎಷ್ಟು ನೋವು?”

“ಹತ್ತೇ ಇರೋದಾ?”

ಗಾಜಿನ ಹಿಂದೆ ಯಾರೋ ನಕ್ಕದ್ದು ಕೇಳಿಸಿತು. ಅಂದಿನಿಂದ ಅತ್ತೆಗೆ ಆ ಮಹಡಿಯಲ್ಲಿ ಒಳ್ಳೆಯ ಕಾಲ ಬಂತು. ಊರಿನಲ್ಲಿ ಮನೆಮಂದಿಯೆಲ್ಲ ಅರ್ಧ ಕಿವಿಯಲ್ಲಿ ಕೇಳುತ್ತಿದ್ದ ನರಳಾಟವನ್ನು ಇಲ್ಲಿ ಬಿಳಿ ಕೋಟಿನವರು ಕುರ್ಚಿ ಎಳೆದುಕೊಂಡು ಕುಳಿತು ಬರೆದುಕೊಂಡರು.

ಆದರೆ ದೊಡ್ಡ ಪರೀಕ್ಷೆಗೆ ಬಂದದ್ದು ಬೇರೆಯೇ ಪಾತ್ರ. ನಡುವಯಸ್ಸಿನ ಹೆಂಗಸು, ಹೃದಯ ದಣಿದಿದೆ, ಕೆಲಸ ಮಾಡುವಾಗಲೂ ಮಲಗಿದಾಗಲೂ ಉಸಿರು ಸಾಲದು. ಅದನ್ನು ಅವಳು ಯಾರಿಗೂ ಹೇಳುವುದಿಲ್ಲ. ಬಂದದ್ದು ಬೆರಳಿಗಾದ ಸಣ್ಣ ಗಾಯಕ್ಕೆ ಪಟ್ಟಿ ಹಾಕಿಸಿಕೊಳ್ಳಲು. ಸರಿಯಾಗಿ ಕೇಳಿದವರಿಗೆ ಮಾತ್ರ ನಿಜ ಒಪ್ಪಿಕೊಳ್ಳಬೇಕು.

“ಇದು ನಿಮ್ಮತ್ತೆ ಕೈಲಿ ಆಗೋ ಪಾತ್ರ ಅಲ್ಲ” ಎಂದಳು ಮೇಲ್ವಿಚಾರಕಿ. “ಇವಳು ಹೇಗೆ ಬಚ್ಚಿಡ್ತಾಳೆ ಅನ್ನೋದನ್ನ ನೀನೇ ಹುಡುಕ್ಕೋ.”

ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಅಮ್ಮ ಬಚ್ಚಿಡುವುದರಲ್ಲಿ ಎತ್ತಿದ ಕೈ. ಸಕ್ಕರೆ ಡಬ್ಬಿಯನ್ನೂ ಅಪ್ಪನ ಸಿಗರೇಟನ್ನೂ ಬಚ್ಚಿಟ್ಟವಳು. ಒಮ್ಮೆ ಇಸ್ತ್ರಿಪೆಟ್ಟಿಗೆಯಿಂದ ಅಂಗೈ ಸುಟ್ಟುಕೊಂಡು, ಅದೇ ಕೈಯಿಂದ ರಾತ್ರಿ ಎಲ್ಲರಿಗೂ ಬಡಿಸಿದವಳು. ಹುಡುಗಿ ಪ್ರತಿ ಬೆಳಗ್ಗೆ ಫೋನು ಮಾಡುತ್ತಿದ್ದಳು. ಊರಿನಲ್ಲಿ ಆಗ ಸಂಜೆ. ಮುಂದಿನ ಕೋಣೆಯ ಹೊಲಿಗೆ ಯಂತ್ರದ ಮೇಲೆ, ದಾರದ ಪೆಟ್ಟಿಗೆಗೆ ಒರಗಿಸಿಟ್ಟ ಫೋನಿನಲ್ಲಿ ಅಮ್ಮನ ಅರ್ಧ ಮುಖ, ಒಂದು ಭುಜ, ಹಿಂದಿನ ಬಾಗಿಲು ಕಾಣುತ್ತಿದ್ದವು. ಈಗ ಅವಳು ಅದನ್ನು ಕೆಲಸದ ಕಣ್ಣಿನಿಂದ ನೋಡತೊಡಗಿದಳು.

ನೋಡಿದಷ್ಟೂ ಸರಕು ಸಿಕ್ಕಿತು. ಅಮ್ಮ ಮಾತಿನ ನಡುವೆ “ತಡಿ, ಸೂಜಿಗೆ ದಾರ ಪೋಣಿಸ್ತೀನಿ” ಎಂದು ನಿಲ್ಲುತ್ತಿದ್ದಳು. ಹೊಲಿದದ್ದಕ್ಕಿಂತ ಪೋಣಿಸಿದ್ದೇ ಹೆಚ್ಚು. ಕಾಲಿಗೆ ಅಪ್ಪನ ಹಳೆಯ ಅಗಲ ಚಪ್ಪಲಿ. ಕೇಳಿದರೆ “ಬಿಸಾಕೋಕೆ ಮನಸ್ಸು ಬರಲ್ಲ” ಎಂಬ ಉತ್ತರ. ಮಂಚದ ಮೇಲೆ ದಿಂಬುಗಳ ರಾಶಿ. ಅದು ಟೀವಿ ಸರಿಯಾಗಿ ಕಾಣಲಿ ಎಂದು. ಎಲ್ಲಕ್ಕಿಂತ ತಮಾಷೆಯ ಸುದ್ದಿಯನ್ನು ತಿಳಿಸಿದ್ದು ಅಪ್ಪ.

“ನಿಮ್ಮಮ್ಮ ಬದಲಾಗಿಬಿಟ್ಟಿದಾಳೆ. ಕೆಳಗಿನ ಮನೆಯಾಕೆ ಜೊತೆ ರಾಜಿ! ದಿನಾ ಮೆಟ್ಟಿಲ ತಿರುವಲ್ಲಿ ನಿಂತು ಹರಟೆ. ಬಟ್ಟೆ ಹಗ್ಗದ ಜಗಳ ಮರೆತೇಹೋಯ್ತು.”

“ವಯಸ್ಸಾಯ್ತು, ಜಗಳ ಯಾಕೆ ಬಿಡಿ” ಎಂದು ಅಮ್ಮ ಸೂಜಿಯಿಂದ ತಲೆಯೆತ್ತದೆ ನುಡಿದಳು.

ಮಹಡಿಯ ಮೇಲಿನವರ ಒದ್ದೆ ಬಟ್ಟೆಗಳು ಕೆಳಗಿನವರ ಒಣ ಬಟ್ಟೆಗಳ ಮೇಲೆ ತೊಟ್ಟಿಕ್ಕುವ ಬಗ್ಗೆ ಹುಟ್ಟಿದ ಆ ಜಗಳ ಹುಡುಗಿ ಶಾಲೆಗೆ ಸೇರಿದಾಗಲೇ ಹಳೆಯದಾಗಿತ್ತು. ಅದು ತೀರಿಹೋದದ್ದಕ್ಕೆ ಅವಳಿಗೆ ಸಂತೋಷವಾಯಿತು. ಪಾತ್ರಕ್ಕೆ ಒಂದು ಒಳ್ಳೆಯ ವಿವರ ದೊರಕಿದ್ದಕ್ಕೆ ಇನ್ನೂ ಸಂತೋಷವಾಯಿತು. ಅಮ್ಮ ಇದರ ಹಿಂದೆ ಬಚ್ಚಿಟ್ಟಿರುವುದೇನು ಎಂಬ ಪ್ರಶ್ನೆ ಅವಳ ಹತ್ತಿರವೂ ಸುಳಿಯಲಿಲ್ಲ. ಕಾಗದದ ಮೇಲಿನ ಹೆಂಗಸಿಗೆ ಕಾಯಿಲೆಯಿತ್ತು. ಅಮ್ಮನಿಗೆ ಕಾಯಿಲೆ ಬರುವ ರೂಢಿಯೇ ಆ ಮನೆಯಲ್ಲಿರಲಿಲ್ಲ. ಆ ಸ್ಥಾನ ಬಹಳ ಹಿಂದೆಯೇ ಭರ್ತಿಯಾಗಿತ್ತು.

ಪರೀಕ್ಷೆಯ ದಿನ ಲಿಫ್ಟು ಕೆಟ್ಟಿತ್ತು. ವೈದ್ಯ ವಿದ್ಯಾರ್ಥಿಗಳು ಮಹಡಿಗಳನ್ನೇರಿ, ಕೆಳತುಟಿ ಒಣಗಿಸಿಕೊಂಡು, ಕೋಣೆಗಳ ಹೊರಗೆ ಸಾಲು ನಿಂತಿದ್ದರು. ಹುಡುಗಿ ಪಾರ್ಸಲಿನಿಂದ ಎರವಲು ತಂದ ದೊಡ್ಡ ಚಪ್ಪಲಿ ಮೆಟ್ಟಿ, ಮಂಚದ ಅಂಚಿನಲ್ಲಿ ಅಮ್ಮನಂತೆ ಕುಳಿತಿದ್ದಳು. ಕೈಯಲ್ಲಿ ಸೂಜಿದಾರ, ಗುಂಡಿ ಹೊಲಿಯಬೇಕಾದ ಒಂದು ಅಂಗಿ. ಗಾಜಿನ ಆಚೆ ಮೇಲ್ವಿಚಾರಕಿಯೂ ಪರೀಕ್ಷಕರೂ ಇದ್ದರು.

ಆ ವರ್ಷ ಕಾಲೇಜು ಸಹಾನುಭೂತಿಯನ್ನು ಕಡ್ಡಾಯ ಮಾಡಿತ್ತು. ಅದಕ್ಕೆಂದು ಒಂದು ವಾಕ್ಯವನ್ನೂ ಒಂದು ಸ್ಪರ್ಶವನ್ನೂ ಕಲಿಸಿ ಅಂಕ ನಿಗದಿ ಮಾಡಿದ್ದರು. ಮೊದಲು ಬಂದವನು ಅವನ್ನು ಮರೆಯುವ ಮುನ್ನ ಮುಗಿಸಿಬಿಡುವ ಆತುರದಲ್ಲಿದ್ದ.

“ಈವತ್ತು ಬಿಸಿಲು ಚೆನ್ನಾಗಿದೆ ಅಲ್ವಾ?” ಎಂದಳು ರೋಗಿ.

“ಅದು ನಿಮಗೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಅರ್ಥವಾಗುತ್ತದೆ” ಎಂದ ಅವನು.

ಎರಡನೆಯವಳು ಬಿಸಿ ಪಾತ್ರೆಯನ್ನು ಮುಟ್ಟಿ ನೋಡುವಂತೆ ಎರಡು ಬೆರಳುಗಳಿಂದ ಅವಳ ಭುಜವನ್ನು ಸ್ಪರ್ಶಿಸಿ, ಗಾಜಿನ ಕಡೆ ನೋಡಿ, ಅಂಕ ದಾಖಲಾಯಿತೆಂದು ಖಾತ್ರಿಪಡಿಸಿಕೊಂಡು, ಬೆರಳಿಗೆ ಪಟ್ಟಿ ಸುತ್ತಿ ಹೊರಟಳು. ಮೂರನೆಯವನನ್ನು ರೋಗಿ “ಊಟ ಮಾಡಿದ್ಯೇನಪ್ಪ? ಕಣ್ಣೆಲ್ಲ ಒಳಗೆ ಹೋಗಿದೆ” ಎಂದು ಕೇಳಿಬಿಟ್ಟಳು. ಹುಡುಗಿಯ ಹಳೆಯ ದುರಭ್ಯಾಸ ಈಗ ಪಾತ್ರದ ಗುಣವಾಗಿತ್ತು. ಆತ ಕುಳಿತು, ನಿದ್ದೆಯಿಲ್ಲದಿರುವುದನ್ನೂ ಬಿಟ್ಟುಹೋದ ಗೆಳತಿಯನ್ನೂ ಬೆನ್ನುನೋವನ್ನೂ ಹೇಳಿಕೊಂಡ. ಅವಳು ಸಮಾಧಾನ ಮಾಡುತ್ತಿರುವಾಗಲೇ ಗಂಟೆ ಬಾರಿಸಿತು. “ಈಗ ಹಗುರವಾಯ್ತು” ಎಂದು ಕೃತಜ್ಞತೆ ಹೇಳಿ ಹೋದ.

ಅನಂತರ ಬಂದವನು ಕೊರಳಲ್ಲಿದ್ದ ಸ್ಟೆತಾಸ್ಕೋಪಿನ ಕೊಳವೆಯನ್ನು ಬಾಗಿಲ ಹಿಡಿಗೆ ಸಿಕ್ಕಿಸಿಕೊಂಡು, ಬಿಡಿಸಿಕೊಂಡು, ಒಳಗೆ ಬಂದು ಧೊಪ್ಪನೆ ಕುಳಿತ. ಏದುಸಿರು ಬಿಡುತ್ತಿದ್ದ. ಕಲಿಸಿದ ವಾಕ್ಯ ಅವನ ಬಾಯಿಗೆ ಬರಲಿಲ್ಲ.

“ಒಂದು ನಿಮಿಷ… ಲಿಫ್ಟು ಕೆಟ್ಟಿದೆ. ನನಗೇ ಉಸಿರು ಕಟ್ತಿದೆ. ನೀವು ಹೇಗಮ್ಮ ಹತ್ತಿ ಬಂದ್ರಿ?”

“ನಿಧಾನಕ್ಕೆ. ನಮ್ಮನೇನೂ ಮಹಡಿ ಮೇಲೇನೇ. ಅಭ್ಯಾಸ.”

“ಅಲ್ಲಿ ಒಂದೇ ಉಸಿರಿಗೆ ಹತ್ತಿಬಿಡ್ತೀರಾ?”

“ಹತ್ತಬಹುದು. ತಿರುವಲ್ಲಿ ಕೆಳಗಿನ ಮನೆಯಾಕೆ ಸಿಗ್ತಾಳೆ. ನಿಂತು ಎರಡು ಮಾತಾಡ್ತೀನಿ.”

“ದಿನಾ ಸಿಗ್ತಾರಾ?”

“ಸಿಗದಿದ್ರೆ ನಾನೇ ಕರೀತೀನಿ.”

“ಅಷ್ಟು ಸ್ನೇಹಾನಾ?”

“ಸ್ನೇಹ ಎಲ್ಲಿಂದ ಬಂತು!” ಅಮ್ಮನ ಕಂಠವೇ ಹುಡುಗಿಯ ಬಾಯಿಂದ ಹೊರಟಿತು. “ಬಟ್ಟೆ ಹಗ್ಗದ ಜಗಳ ನಮ್ಮದು. ವರ್ಷಗಟ್ಟಲೆ ಮುಖ ಕೊಟ್ಟು ಮಾತಾಡಿರಲಿಲ್ಲ.”

ಆತ ಹುಬ್ಬು ಗಂಟಿಕ್ಕಿದ. “ಮತ್ತೆ… ಆಗದೇ ಇರೋರನ್ನ ಕರೆದು ನಿಲ್ಲಿಸಿ ಯಾಕೆ ಮಾತಾಡ್ತೀರ? ಅಮ್ಮ, ನೀವು ಅಲ್ಲಿ ನಿಲ್ಲೋದು ಅವರಿಗೋಸ್ಕರ ಅಲ್ಲ. ಉಸಿರಿಗೋಸ್ಕರ. ಅಲ್ವಾ?”

ಒಪ್ಪಿಕೊಳ್ಳಬೇಕಾದ ಘಟ್ಟ ಅದೇ. ಆದರೆ ಸೂಜಿ, ಚಪ್ಪಲಿ, ದಿಂಬುಗಳ ರಾಶಿ ಒಂದರ ಹಿಂದೊಂದು ಅವಳ ಕಣ್ಣ ಮುಂದೆ ಸಾಲಾಗಿ ನಿಂತವು. ಅಂಗಿಯ ಗುಂಡಿ ಉರುಳಿ ಬೇಸಿನ್ನಿನ ಕೆಳಗೆ ಹೋಯಿತು. ಅವಳು ಮಂಚದಿಂದ ಇಳಿದು ಬಾಗಿಲಿನತ್ತ ನಡೆದಳು.

ಗಾಜಿನ ಹಿಂದಿನಿಂದ ಮೇಲ್ವಿಚಾರಕಿ ಓಡಿ ಬಂದಳು. “ಗಂಟೆ ಆಗಿಲ್ಲ! ಎಲ್ಲಿಗೆ ಹೊರಟೆ?”

“ನಮ್ಮಮ್ಮಂಗೆ ಫೋನ್ ಮಾಡ್ಬೇಕು ಮೇಡಂ.”

“ಏನಾಯ್ತು? ಎಷ್ಟು ಚೆನ್ನಾಗಿ ಮಾಡ್ತಿದ್ದೆ! ಆ ದಾರ ಪೋಣಿಸೋದು, ಚಪ್ಪಲಿ, ಮೆಟ್ಟಿಲು, ಎಲ್ಲ ಕಾಯಿಲೆಗೆ ತಕ್ಕ ಹಾಗೆ ಕೂತಿದೆ. ನಾವು ಯಾರೂ ಹೇಳಿಕೊಡ್ಲಿಲ್ಲ. ಯಾವ ಪುಸ್ತಕದಲ್ಲಿ ಓದಿದೆ?”

“ಓದಿಲ್ಲ. ಅಮ್ಮ ಹಾಗೇ ಮಾಡ್ತಾರೆ.”

ಮೇಲ್ವಿಚಾರಕಿ ಅವಳ ಮುಖವನ್ನು ನೋಡಿದಳು. ಆ ಮಹಡಿಯಲ್ಲಿ ಬಹಳ ಕಾಲದಿಂದ ಯಾರೂ ಕಂಡಿರದ ಒಂದು ಭಾವ, ನಿಜವಾದ ಗಾಬರಿ, ಅಲ್ಲಿತ್ತು.

“ಪರೀಕ್ಷೆ ಮಧ್ಯೆ ಮಂಚ ಬಿಟ್ಟವರಿಗೆ ಇಲ್ಲಿ ಕೆಲಸ ಇಲ್ಲ. ಗೊತ್ತಲ್ಲ?”

“ಗೊತ್ತು.”

“ಗೊತ್ತಿದ್ದೂ ಇನ್ನೂ ಇಲ್ಲೇ ನಿಂತಿದೀಯಲ್ಲ! ಓಡು. ಆ ನಿಲುವಂಗಿ ಬಿಚ್ಚಿಕೊಡು ಇಲ್ಲಿ.” ಹಾಗೆಂದವಳೇ ತನ್ನ ಬಿಳಿ ಕೋಟನ್ನು ಮೊಳೆಗೆ ತಗುಲಿಸಿ, ನೀಲಿ ನಿಲುವಂಗಿಯೊಳಗೆ ತೂರಿಕೊಂಡು, ಮಂಚವೇರಿ ಮಲಗಿದಳು.

ಹುಡುಗಿ ಕೆಳಗಿಳಿದು ಅಂಚೆ ವಿಭಾಗಕ್ಕೆ ಹೋಗಿ ಪಾರ್ಸಲನ್ನು ಎಳೆದುಕೊಂಡು ಮೆಟ್ಟಿಲ ಬಳಿ ನಿಂತು ಫೋನು ಮಾಡಿದಳು. ಊರಿನಲ್ಲಿ ದೀಪ ಹಚ್ಚುವ ಹೊತ್ತು. ದಾರದ ಪೆಟ್ಟಿಗೆಗೆ ಒರಗಿದ್ದ ಫೋನಿನಲ್ಲಿ ಅಮ್ಮನ ಅರ್ಧ ಮುಖ ಮೂಡಿತು.

“ಅಮ್ಮ, ಈಗಲೇ ಡಾಕ್ಟ್ರ ಹತ್ರ ಹೋಗು.”

“ಯಾಕೆ? ನಿಮ್ಮತ್ತೆ ಹೋಗಿಬಂದ್ಲು ಬೆಳಗ್ಗೆ.”

“ನಿನಗೇ. ಮೆಟ್ಟಿಲು ಹತ್ತೋಕೆ ಆಗ್ತಿಲ್ಲ ನಿನಗೆ. ಸುಳ್ಳು ಹೇಳ್ಬೇಡ.”

“ಏನಿಲ್ಲಮ್ಮ, ಒಂದು ಸ್ವಲ್ಪ… ತಡಿ, ದಾರ—”

“ಆ ಸೂಜಿ ಕೆಳಗಿಡು!”

ಎತ್ತರದ ದನಿಗೆ ಅಪ್ಪ ಬಂದ, ಅತ್ತೆಯೂ ಹಣೆಪಟ್ಟಿ ಸಮೇತ ಬಂದಳು. ಬಹಳ ಹೊತ್ತು ಎಳೆದಾಡಿದ ಮೇಲೆ ಅಮ್ಮ ಸಿಟ್ಟಿನಿಂದ ಬಾಯಿಬಿಟ್ಟಳು. “ಡಾಕ್ಟ್ರ ಹತ್ರ ಹೋದ್ರೆ ಏನಾದ್ರೂ ಅಂತಾರೆ. ಅಂದ್ರೆ ನೀನು ಎಲ್ಲ ಬಿಟ್ಟು ಓಡಿ ಬರ್ತೀಯ. ನೀನು ಅರ್ಧಕ್ಕೆ ಬಂದ್ರೆ ಅಡುಗೆಮನೆ ಇವಳಿಗೆ ಬಿಟ್ಟುಕೊಡ್ಬೇಕು. ಅದೆಲ್ಲ ಆಗೋ ಮಾತಲ್ಲ. ಇನ್ನೊಂದು ವರ್ಷ ತಡ್ಕೊಂಡ್ರಾಯ್ತು.”

“ಅಯ್ಯೋ, ನನಗೆ ಬೇಡಮ್ಮ ನಿಮ್ಮ ಅಡುಗೆಮನೆ!” ಅತ್ತೆ ಹಣೆಯ ಪಟ್ಟಿಯನ್ನು ಕಿತ್ತೆಸೆದಳು. “ಮೂರು ಹೊತ್ತು ಬೇಯಿಸೋರು ಯಾರು, ಪಾತ್ರೆ ತಿಕ್ಕೋರು ಯಾರು? ಏನೋ ಬಾಯಿಮಾತಿಗೆ ಅಂದಿದ್ದಕ್ಕೆ ಪ್ರಾಣ ಬಿಡ್ತೀರಾ? ಏಳಿ ಅತ್ತಿಗೆ. ಅಣ್ಣ, ಚಪ್ಪಲಿ ಹಾಕ್ಕೋ. ನಾನು ಹೇಳಿದ್ರೆ ಚೀಟಿ ಇಲ್ದೇ ಒಳಗೆ ಬಿಡ್ತಾರೆ ಅಲ್ಲಿ.”

ಅದು ನಿಜವಾಗಿತ್ತು. ಬೀದಿಯ ತುದಿಯ ದವಾಖಾನೆಯಲ್ಲಿ ಅತ್ತೆಗೆ ಇದ್ದ ಗೌರವ ಇನ್ನಾವ ರೋಗಿಗೂ ಇರಲಿಲ್ಲ. ಬೆಂಚಿನ ಮೇಲಿದ್ದವರು ತಾವಾಗಿ ಸರಿದು ದಾರಿಬಿಟ್ಟರು. ವೈದ್ಯ ಅವಳನ್ನು ಕಂಡೊಡನೆ ಅಭ್ಯಾಸಬಲದಿಂದ ತಲೆನೋವಿನ ಮಾತ್ರೆಯ ಹೆಸರು ಬರೆಯತೊಡಗಿದ.

“ನನಗಲ್ಲ ಡಾಕ್ಟ್ರೇ, ಇವರಿಗೆ.”

ವೈದ್ಯ ಆಶ್ಚರ್ಯದಿಂದ ಅಮ್ಮನ ಕಡೆ ತಿರುಗಿದ. “ನಿಮಗಾ? ಏನಾಗಿದೆ?”

“ಏನಿಲ್ಲ” ಎಂದಳು ಅಮ್ಮ. “ಇವರೆಲ್ಲ ಸೇರಿ ಎಳ್ಕೊಂಡು ಬಂದಿದಾರೆ. ನಿಮ್ಮ ಮನೇಲಿ ಎಲ್ರೂ ಚೆನ್ನಾಗಿದಾರಾ?”

ಆಗ ಅಪ್ಪ ಕೈಚಾಚಿ ಫೋನನ್ನು ವೈದ್ಯನ ಮುಖದ ಮುಂದೆ ಹಿಡಿದ. ಸಮುದ್ರದಾಚೆ ಪಾರ್ಸಲ್ ಇನ್ನೊಂದು ಫೋನನ್ನು ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು.

“ಡಾಕ್ಟ್ರೇ, ಅವರು ಹೇಳಲ್ಲ. ನಾನು ತೋರಿಸ್ತೀನಿ, ನೋಡಿ” ಎಂದು ಹುಡುಗಿ ಅಮ್ಮನಾದಳು. ದೊಡ್ಡ ಚಪ್ಪಲಿ ಎಳೆಯುತ್ತ ಮೆಟ್ಟಿಲು ಹತ್ತಿದಳು. ತಿರುವಿನಲ್ಲಿ ಕಂಬಿ ಹಿಡಿದು ನಿಂತು, ಇಲ್ಲದ ನೆರೆಯವಳೊಂದಿಗೆ ಒಂದು ಮಾತು, ಒಂದು ಉಸಿರು, ಇನ್ನೊಂದು ಅರ್ಧ ಮಾತು ಆಡಿದಳು. ಕುಳಿತು ಸೂಜಿ ಪೋಣಿಸಿದಳು. ಚೀಲವೊಂದರ ಮೇಲೆ ಇನ್ನೊಂದನ್ನು ಪೇರಿಸಿ ದಿಂಬು ಮಾಡಿ ಒರಗಿದಳು. ಒಂದನ್ನು ತೆಗೆದೊಡನೆ ಕೆಮ್ಮಿ ಎದ್ದು ಕುಳಿತಳು. ತರಗತಿಗೆ ಹೋಗುತ್ತಿದ್ದ ಹುಡುಗರು ಗುಂಪುಗೂಡಿ ನೋಡಿ, ಇದು ಯಾವ ವಿಭಾಗದ ಪರೀಕ್ಷೆ ಎಂದು ಪಾರ್ಸಲನ್ನು ವಿಚಾರಿಸಿದರು.

ದವಾಖಾನೆಯಲ್ಲಿ ಅಮ್ಮನಿಗೆ ಅವಮಾನವಾಗಿತ್ತು.

“ನಾನು ಹೀಗೆ ಬಾಯಿ ತೆರ್ಕೊಂಡು ಉಸಿರಾಡ್ತೀನಾ? ಏನ್ರೀ, ಹೇಳ್ರೀ!”

ಅಪ್ಪ ನೆಲ ನೋಡಿದ. “ಥೇಟ್ ಹೀಗೇ” ಎಂದಳು ಅತ್ತೆ. ರೋಗಗಳ ವಿಚಾರದಲ್ಲಿ ಅವಳ ಮಾತಿಗೆ ತೂಕವಿತ್ತು.

ವೈದ್ಯ ಒಮ್ಮೆ ಫೋನನ್ನೂ ಒಮ್ಮೆ ಅಮ್ಮನನ್ನೂ ನೋಡಿ, ಎದ್ದು ಬಂದು, ಅಪ್ಪನ ಚಪ್ಪಲಿಯನ್ನು ಅಮ್ಮನ ಕಾಲಿನಿಂದ ಬಿಡಿಸಿದ. ಊದಿದ ಪಾದದ ಮೇಲೆ ಬೆರಳೊತ್ತಿದ. ಒತ್ತಿದ ಗುಳಿ ಹಾಗೇ ನಿಂತಿತು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದ. ಅವತ್ತೇ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟ. ಅಲ್ಲಿ ಅದೇ ಮಾತು ಹೇಳಿದರು: ಹೃದಯ ದಣಿದಿದೆ, ತಡವಾಗಿಲ್ಲ, ಮಾತ್ರೆ ನುಂಗಬೇಕು, ಉಪ್ಪು ಕಡಿಮೆ ಮಾಡಬೇಕು. ಮಗಳು ಓಡಿ ಬರಬೇಕಾದ ಅಗತ್ಯವಿಲ್ಲ. ಕೊನೆಯ ವಾಕ್ಯವನ್ನು ಅಮ್ಮ ವೈದ್ಯರಿಂದ ಎರಡೆರಡು ಸಲ ಹೇಳಿಸಿ, ಅದಕ್ಕೆ ನಾದಿನಿಯನ್ನು ಸಾಕ್ಷಿಯಾಗಿಸಿಕೊಂಡಳು.

ಇತ್ತ ವೈದ್ಯಕೀಯ ವಿಭಾಗದಲ್ಲಿ ಮೇಲ್ವಿಚಾರಕಿಯ ರೋಗಿತನ ದುರಂತವಾಗಿತ್ತು. ಮಂಚವೇರಿದ ಅವಳು ಮೊದಲ ವಿದ್ಯಾರ್ಥಿಗೆ ಕೊಳವೆ ಹಿಡಿಯುವ ಕ್ರಮ ಸರಿಯಿಲ್ಲವೆಂದು ಮಲಗಿದಲ್ಲಿಂದಲೇ ಗದರಿದಳು. ಎರಡನೆಯವನು ತಡವರಿಸಿದ್ದನ್ನು ಸಹಿಸಲಾರದೆ ರೋಗದ ಹೆಸರನ್ನು ತಾನೇ ಹೇಳಿಬಿಟ್ಟಳು. ಮೂರನೆಯವಳು ಅಳುತ್ತ ಹೊರಬಂದಳು. ಪರೀಕ್ಷಾ ಸಮಿತಿ ಸಭೆ ಸೇರಿ, ವೈದ್ಯರಿಗೆ ರೋಗಿಗಳಾಗುವ ಅರ್ಹತೆ ಇಲ್ಲವೆಂದು ಗಂಭೀರವಾಗಿ ತೀರ್ಮಾನಿಸಿ, ಗೋದಾಮು ನಿರ್ವಹಣೆಯ ವಿದ್ಯಾರ್ಥಿನಿಯನ್ನು ಮರಳಿ ಮಂಚಕ್ಕೆ ಕರೆಯಿತು. ಮೆಟ್ಟಿಲ ಪ್ರಶ್ನೆ ಕೇಳಿದ ಹುಡುಗ ಅಂಚಿನಲ್ಲಿ ಉತ್ತೀರ್ಣನಾದ. ರೋಗ ಕಂಡುಹಿಡಿದದ್ದಕ್ಕೆ ಪೂರ್ಣ ಅಂಕ ಬಂದಿತ್ತು. ಸಹಾನುಭೂತಿಯ ವಾಕ್ಯವನ್ನು ಉಚ್ಚರಿಸದೆ ಇದ್ದುದರಿಂದ ಸಹಾನುಭೂತಿಯಲ್ಲಿ ಸೊನ್ನೆ.

ಹುಡುಗಿ ಬೆಳಗಿನ ಫೋನನ್ನು ತಪ್ಪಿಸಲಿಲ್ಲ. ಆದರೆ ಈಗ ಅಮ್ಮನ ಮಾತಿನ ಮೇಲೆ ನಂಬಿಕೆಯಿರಲಿಲ್ಲ. “ಚೆನ್ನಾಗಿದೀನಿ” ಎಂದರೆ ಚಪ್ಪಲಿ ತೋರಿಸಲು ಹೇಳುತ್ತಿದ್ದಳು. ಅಮ್ಮ ಅಪ್ಪನ ಚಪ್ಪಲಿಯನ್ನು ಬಚ್ಚಿಟ್ಟು ತನ್ನದನ್ನು ಕ್ಷಣಮಾತ್ರ ಮೆಟ್ಟಿ ತೋರಿಸಬಲ್ಲವಳೆಂದು ಹೊಳೆದು ಅದನ್ನೂ ನಂಬದಾದಳು. ಅತ್ತೆಯನ್ನು ಕೇಳಿದರೆ ಅವಳು ಅತ್ತಿಗೆಯ ಕಾಯಿಲೆಗೆ ಮನೆಯಲ್ಲಿ ಸಿಗುತ್ತಿದ್ದ ಉಪಚಾರವನ್ನು ಕುರಿತು ಹೊಟ್ಟೆಕಿಚ್ಚಿನಿಂದ ಮಾತಾಡುತ್ತಿದ್ದಳೇ ಹೊರತು ಬೇರೆ ವರದಿ ಕೊಡುತ್ತಿರಲಿಲ್ಲ.

ಕೆಲವು ವಾರಗಳ ಅನಂತರ ಒಂದು ಬೆಳಗ್ಗೆ, ತರಬೇತಿ ಕೋಣೆಯ ಮಂಚದ ಮೇಲಿಂದಲೇ ಫೋನು ಮಾಡಿದಾಗ ಯಂತ್ರದ ಮುಂದೆ ಯಾರೂ ಇರಲಿಲ್ಲ. ಖಾಲಿ ಕುರ್ಚಿ, ತೆರೆದ ಬಾಗಿಲು. ಮೆಟ್ಟಿಲ ಕಡೆಯಿಂದ ಗದ್ದಲ.

“ಅಪ್ಪ! ಏನಾಯ್ತು? ಅಮ್ಮ ಎಲ್ಲಿ?”

ಅಪ್ಪ ಪರದೆಯೊಳಕ್ಕೆ ಬಂದು, ಸೋತವನಂತೆ ಕುರ್ಚಿಯಲ್ಲಿ ಕುಳಿತ. “ಏನು ಹೇಳ್ಲಿ ಮಗಳೇ. ಮತ್ತೆ ಶುರುವಾಯ್ತು. ಹಗ್ಗದ ವಿಷಯ. ಈಗ ತಾನೇ ದಡದಡ ಇಳಿದು ಹೋಗಿ, ಬೈದು, ದಡದಡ ಹತ್ತಿ ಬಂದು, ಏನೋ ಮರೆತೆ ಅಂತ ಮತ್ತೆ ಇಳಿದಿದಾಳೆ.”

ಬಾಗಿಲಿನಾಚೆಯಿಂದ ಅಮ್ಮನ ಕಂಠ ಕೇಳಿಬಂತು: “ನಿಮ್ಮ ಬಟ್ಟೆ ಮೇಲೆ ನಮ್ಮ ನೀರು ಬಿತ್ತು ಅಂತೀರಲ್ಲ, ನಿಮ್ಮ ಒಗ್ಗರಣೆ ಹೊಗೆ ನಮ್ಮ ಬಟ್ಟೆಗೆ ಹತ್ತೋದು ಯಾರ ಲೆಕ್ಕಕ್ಕೆ, ನಾನು ಸುಮ್ನಿದ್ದೆ ಅಂತ ಸದರ ಕೊಟ್ಟಿದ್ದೇ ತಪ್ಪಾಯ್ತು, ಎರಡು ತಿಂಗಳು ನಗ್ತಾ ಮಾತಾಡಿದ್ದಕ್ಕೆ ತಲೆ ಮೇಲೆ ಹತ್ತಿ ಕೂತ್ರಿ—”

“ಹೋಗಿ ಬಿಡಿಸ್ಲಾ?” ಎಂದ ಅಪ್ಪ.

“ಬೇಡ” ಎಂದಳು ಹುಡುಗಿ. “ಫೋನು ಬಾಗಿಲ ಹತ್ರ ಇಡು.”

ಅವಳು ಕಣ್ಣು ಮುಚ್ಚಿ ಕೇಳಿದಳು. ಅಮ್ಮ ಎಲ್ಲೂ ನಿಲ್ಲಲಿಲ್ಲ. ಹತ್ತಿರದಲ್ಲಿ ಸೂಜಿಯೂ ಇರಲಿಲ್ಲ, ದಾರವೂ ಇರಲಿಲ್ಲ. ಕಾರಿಡಾರಿನಲ್ಲಿ ಮೊದಲ ಗಂಟೆ ಬಾರಿಸಿತು. ಹುಡುಗಿ ಫೋನನ್ನು ದಿಂಬಿನ ಕೆಳಗೆ ಬಿಸ್ಕತ್ತಿನ ಪಕ್ಕಕ್ಕೆ ತಳ್ಳಿ, ನಿಲುವಂಗಿಯ ಲಾಡಿ ಬಿಗಿದು, ಹೊಟ್ಟೆ ಹಿಡಿದುಕೊಂಡು ಮಲಗಿದಳು.

“ಹತ್ತಕ್ಕೆ ಎಷ್ಟು ನೋವು?” ಎಂದು ಕೇಳಿದ ವಿದ್ಯಾರ್ಥಿಗೆ, ಮುಖದಲ್ಲಿ ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿಕೊಂಡು, “ಒಂಬತ್ತು” ಎಂದಳು.